ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹೋಗಿಲ್ಲ: ಹಾಗಾದರೆ ಇದು ಸುಳ್ಳಾ?

ಪ್ರಶ್ನೆ: ಎರಡು ವರ್ಷದಿಂದ ಸೊಂಟ, ಬೆನ್ನು, ಭುಜ ನೋವು. ಎಕ್ಸ್‌ರೇ, ಎಂಆರ್‌ಐ, ರಕ್ತಪರೀಕ್ಷೆ ಎಲ್ಲಾ ನಾರ್ಮಲ್. ಡಾಕ್ಟರು "ಏನೂ ಇಲ್ಲಮ್ಮ, ಟೆನ್ಶನ್ ಮಾಡ್ಕೋಬೇಡಿ" ಎಂದು ಕಳಿಸಿದರು. ಮನೆಯಲ್ಲಿ ಅತ್ತೆ "ಕೆಲಸ ತಪ್ಪಿಸೋಕೆ ನೆಪ" ಎನ್ನುತ್ತಾರೆ. ಈಗ ನನಗೇ ಅನುಮಾನ. ನನ್ನ ನೋವು ಸುಳ್ಳಾ?

ಅಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಸೊಂಟದ ಬದಲು ಮಂಡಿ, ಅತ್ತೆಯ ಬದಲು ಆಫೀಸಿನ ಮ್ಯಾನೇಜರ್, ಅಷ್ಟೇ ವ್ಯತ್ಯಾಸ. ಹಾಗಾಗಿ ಈ ಸಲ ಉದ್ದವಾಗಿಯೇ ಬರೆದುಬಿಡುತ್ತೇನೆ.

ಇದಕ್ಕೆಲ್ಲ ಮೂಲ ಒಂದೇ ನಂಬಿಕೆ: ನಿಜವಾದ ನೋವಾದರೆ ಸ್ಕ್ಯಾನಿನಲ್ಲಿ ಕಾಣಲೇಬೇಕು. ಓದಿದವರು, ಓದದವರು ಎಲ್ಲರೂ ಇದನ್ನು ನಂಬುತ್ತಾರೆ. ಕೆಲವು ಡಾಕ್ಟರುಗಳೂ ನಂಬಿದವರ ಹಾಗೆ ಮಾತಾಡುತ್ತಾರೆ. ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ.

ನೋವಿನ ಫೋಟೋ ತೆಗೆಯುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ. ಎಕ್ಸ್‌ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು. ಎಂಆರ್‌ಐ ಮೂಳೆಯ ಜೊತೆಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ), ನರದ ಬುಡ, ಸ್ನಾಯುಗಳನ್ನೂ ತೋರಿಸುತ್ತದೆ. ಆದರೆ ಅವು ಹೇಗೆ ಕಾಣುತ್ತವೆ ಎಂದು ಹೇಳುತ್ತದೆಯೇ ಹೊರತು ನೋಯುತ್ತಿದೆಯೋ ಇಲ್ಲವೋ ಎಂದಲ್ಲ. ನರಗಳಿಗೆ ಕರೆಂಟ್ ಕೊಟ್ಟು ಮಾಡುವ ಪರೀಕ್ಷೆ ಇದೆಯಲ್ಲ, ಅದು ದಪ್ಪ ನರತಂತುಗಳನ್ನು ಮಾತ್ರ ಅಳೆಯುತ್ತದೆ. ಉರಿ, ಚುಚ್ಚುವ ನೋವನ್ನು ಹೊತ್ತು ತರುವ ಸಣ್ಣ ತಂತುಗಳು ಹಾಳಾಗಿದ್ದರೂ ಆ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ.

ಉಲ್ಟಾ ಕಡೆಯಿಂದಲೂ ನೋಡಿ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. 20 ವರ್ಷದವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆದಿತ್ತು. 50 ವರ್ಷದವರಲ್ಲಿ ಅದು ಶೇ. 80. ಅದೇ ವಯಸ್ಸಿನಲ್ಲಿ ಡಿಸ್ಕ್ ಉಬ್ಬಿದ್ದವರು ಶೇ. 60. ಇವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು! ಅಂದರೆ ರಿಪೋರ್ಟ್ ಕೆಟ್ಟದಾಗಿದ್ದೂ ನೋವಿಲ್ಲದವರು ಬೇಕಾದಷ್ಟಿದ್ದಾರೆ. ಹಾಗಿರುವಾಗ ರಿಪೋರ್ಟ್ ಚೆನ್ನಾಗಿದ್ದೂ ನೋವಿರುವವರು ಇದ್ದರೆ ಆಶ್ಚರ್ಯ ಏನು? ಈ ಎರಡನೇ ಮಾತು ಬಂದಾಗ ಮಾತ್ರ ಜನ ನಾಟಕ ಎನ್ನುತ್ತಾರೆ.

ಇನ್ನೊಂದು ಘಟನೆ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ 1995ರಲ್ಲಿ ಬಂದಿದ್ದು. ಕಟ್ಟಡ ಕೆಲಸದವನೊಬ್ಬ 15 ಸೆಂಟಿಮೀಟರ್ ಮೊಳೆಯ ಮೇಲೆ ಹಾರಿದ. ಮೊಳೆ ಬೂಟಿನ ಆಚೆ ಬಂತು. ಕಾಲು ಸ್ವಲ್ಪ ಅಲುಗಿದರೂ ಸಹಿಸಲಾಗದ ನೋವು. ಮಂಪರು ಬರುವ ಔಷಧಿ ಕೊಟ್ಟು ಬೂಟು ಬಿಚ್ಚಿ ನೋಡಿದರೆ ಮೊಳೆ ಎರಡು ಬೆರಳಿನ ಮಧ್ಯೆ ಹೋಗಿತ್ತು. ಒಂದು ಗೀರೂ ಇಲ್ಲ. ಅವನು ನಾಟಕ ಮಾಡಿದನಾ? ಇಲ್ಲ. ಅಪಾಯ ಇದೆ ಎಂದು ಮೆದುಳು ಲೆಕ್ಕ ಹಾಕಿತು, ನೋವು ಬಂತು. ಬರೀ ಪೆಟ್ಟಿನ ಅಳತೆ ನೋಡಿ ನೋವು ಹುಟ್ಟುವುದಿಲ್ಲ.

ಹಾಗಾದರೆ ತಿಂಗಳುಗಟ್ಟಲೆ ಹೋಗದ ನೋವಿನಲ್ಲಿ ಏನಾಗುತ್ತದೆ? ಒಗ್ಗರಣೆ ಸಿಡಿದ ಕೈಗೆ ಸೀರೆ ಸೆರಗು ತಾಗಿದರೂ ಉರಿಯುತ್ತದೆ ಅಲ್ವಾ? ಸೆರಗಿನ ತಪ್ಪೇನೂ ಇಲ್ಲ, ಅಲ್ಲಿನ ನರ ಜಾಸ್ತಿ ಎಚ್ಚರವಾಗಿದೆ. ಇಂಥದ್ದೇ ಬದಲಾವಣೆ ಬೆನ್ನುಹುರಿಯ ಒಳಗೂ ಆಗುತ್ತದೆ ಎಂದು ನೋವಿನ ಸಂಶೋಧಕ ಕ್ಲಿಫರ್ಡ್ ವೂಲ್ಫ್ 1983ರಲ್ಲೇ ಇಲಿಗಳಲ್ಲಿ ತೋರಿಸಿದರು. ಕೈ ಗಾಯ ವಾಸಿಯಾದರೆ ಉರಿ ಹೋಗುತ್ತದೆ. ಕೆಲವರಲ್ಲಿ ಬೆನ್ನುಹುರಿ, ಮೆದುಳುಗಳ ಎಚ್ಚರ ಮಾತ್ರ ಇಳಿಯುವುದೇ ಇಲ್ಲ. ಮೈಯೆಲ್ಲಾ ನೋಯುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆಯಲ್ಲಿ ಮುಖ್ಯವಾಗಿ ಹೀಗೇ ಆಗುತ್ತದೆ ಎಂದು ತಿಳಿಯಲಾಗಿದೆ. ಮೂರು ತಿಂಗಳು ಮೀರಿದ ನೋವು ತಾನೇ ಒಂದು ಕಾಯಿಲೆ ಆಗಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಒಪ್ಪಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ.

ಡಾಕ್ಟರು "ಏನೂ ಇಲ್ಲ" ಎಂದರೆ ಮುರಿತ, ಗಡ್ಡೆ, ಸೋಂಕು ಇಲ್ಲ, ಆಪರೇಷನ್ ಬೇಕಿಲ್ಲ ಎಂದು. ಅದು ಒಳ್ಳೆಯ ಸುದ್ದಿಯೇ. ಅದನ್ನು ಪೂರ್ತಿ ಬಿಡಿಸಿ ಹೇಳಲು ಎರಡು ನಿಮಿಷ ಸಾಕು, ಆದರೆ ಓಪಿಡಿಯಲ್ಲಿ ಆ ಎರಡು ನಿಮಿಷ ಸಿಗುವುದಿಲ್ಲ.

ಹಾಗಂತ ಎಲ್ಲವನ್ನೂ ಈ ಲೆಕ್ಕಕ್ಕೆ ಸೇರಿಸಬೇಡಿ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬೆನ್ನು ಬಿಗಿದಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ, ನಿಮಗಿನ್ನೂ 45 ಆಗಿಲ್ಲ ಎಂದರೆ ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಹತ್ತಿರ ಹೋಗಿ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತ ಇದ್ದರೂ ಮೊದಲ ಕೆಲವು ವರ್ಷ ಎಕ್ಸ್‌ರೇ ನಾರ್ಮಲ್ ಬರಬಹುದು. ಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮಾತ್ರೆ ವಿಷಯ. ಡಾಕ್ಟರು ಅಮಿಟ್ರಿಪ್ಟಿಲಿನ್ ಅಥವಾ ಡುಲಾಕ್ಸೆಟಿನ್ ಬರೆಯುತ್ತಾರೆ. ಮನೆಗೆ ಬಂದು ಗೂಗಲ್ ಮಾಡಿದರೆ ಡಿಪ್ರೆಶನ್ ಮಾತ್ರೆ ಎಂದಿರುತ್ತದೆ. "ನನ್ನನ್ನು ಹುಚ್ಚಿ ಅಂದುಕೊಂಡರು" ಎಂದು ಸಿಟ್ಟಾಗಿ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ಮೆದುಳಿನಿಂದ ಬೆನ್ನುಹುರಿಗೆ ಇಳಿದು ನೋವನ್ನು ತಗ್ಗಿಸುವ ದಾರಿಯೊಂದಿದೆ. ಈ ಮಾತ್ರೆಗಳು ಅದಕ್ಕೆ ಬಲ ಕೊಡುತ್ತವೆ. ನೋವಿಗೆ ಅಮಿಟ್ರಿಪ್ಟಿಲಿನ್ ಅನ್ನು ಸಾಮಾನ್ಯವಾಗಿ 10ರಿಂದ 25 ಮಿಲಿಗ್ರಾಂನಲ್ಲಿ ಶುರು ಮಾಡುತ್ತಾರೆ. ಡಿಪ್ರೆಶನ್‌ಗೆ ಕೊಡುವ ಡೋಸ್ ಇದರ ಎಷ್ಟೋ ಪಟ್ಟು.

ಈಗ ನೀವು ಕೇಳದ ಒಂದು ವಿಷಯ. ಅಂಗವಿಕಲತೆ ಎದ್ದು ಕಾಣುವವರ ನೋವನ್ನಾದರೂ ಜನ ನಂಬುತ್ತಾರಾ? ನನ್ನ ಬಲಗಾಲಿಗೆ ಪೋಲಿಯೋ, ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಹಾಕುತ್ತೇನೆ, ಆದ್ದರಿಂದ ಹೇಳುತ್ತೇನೆ. ನಂಬುವುದಿಲ್ಲ. ನೋವು ಎಂದರೆ "ಪೋಲಿಯೋ ಕಾಲಲ್ವಾ, ಹಾಗೇ ಇರುತ್ತೆ" ಎಂದು ಮುಗಿಸುತ್ತಾರೆ. ಇನ್ನು ಕೆಲವರಿಗೆ ಆ ಕಾಲಿಗೆ ಸ್ಪರ್ಶವೇ ಇಲ್ಲ ಎಂಬ ಭ್ರಮೆ. ಪೋಲಿಯೋ ಕೆಡಿಸುವುದು ಸ್ನಾಯು ಅಲುಗಿಸುವ ನರಕೋಶಗಳನ್ನು. ಚಿವುಟಿದರೆ ನಿಮ್ಮಷ್ಟೇ ನೋಯುತ್ತದೆ, ಅನುಮಾನ ಬೇಡ.

ದಶಕಗಳ ನಂತರ ಹೊಸ ನೋವು, ಸುಸ್ತು, ಬಲ ಕಡಿಮೆಯಾಗುವುದು ಬಂದರೆ ಅದು ಪೋಸ್ಟ್ ಪೋಲಿಯೋ ಸಿಂಡ್ರೋಮ್ ಇರಬಹುದು. ಚಿಕ್ಕಂದಿನಲ್ಲಿ ಉಳಿದ ನರಕೋಶಗಳು ಸತ್ತವುಗಳ ಕೆಲಸವನ್ನೂ ಹೊತ್ತುಕೊಂಡವು. ಈಗ ಅವು ಬಳಲಿವೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಇದಕ್ಕೂ ಇಂಥದ್ದೇ ಎಂಬ ಒಂದು ಟೆಸ್ಟ್ ಇಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿಯೇ ಹೇಳಬೇಕು. ಭಾರತದಲ್ಲಿ ಕಾಡು ಪೋಲಿಯೋದ (ಲಸಿಕೆಯಿಂದಲ್ಲದೆ ಸಹಜವಾಗಿ ಹರಡುವ ವೈರಸ್) ಕೊನೆಯ ಪ್ರಕರಣ ಸಿಕ್ಕಿದ್ದು ಜನವರಿ 2011ರಲ್ಲಿ, ಹೌರಾದಲ್ಲಿ. ಅದು ಹೆಮ್ಮೆಯ ವಿಷಯವೇ. ಆದರೆ ಇಂದಿನ ಎಷ್ಟೋ ಎಳೆ ಡಾಕ್ಟರುಗಳು ಪೋಲಿಯೋ ಕಾಲನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದಾರೆ. ನಾವಿನ್ನೂ ಇದ್ದೇವಲ್ಲ!

ಅಂಗವಿಕಲತೆಯ ಸರ್ಟಿಫಿಕೇಟ್ ಕಥೆಯೂ ಹೀಗೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವಿಕಲತೆಯ 21 ವಿಧಗಳಿವೆ, ದೀರ್ಘಕಾಲದ ನೋವು ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ. 40 ಅಂಗವಿಕಲತೆ ಇರಬೇಕು, ಕೈಕಾಲಿನ ವಿಷಯದಲ್ಲಿ ಅದನ್ನು ಹೆಚ್ಚಾಗಿ ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂದು ಅಳೆದೇ ಕೊಡುತ್ತಾರೆ. ಕೊಟ್ಟ ಸರ್ಟಿಫಿಕೇಟ್ ಸರಿ ಅನಿಸದಿದ್ದರೆ ಮೇಲ್ಮನವಿ ಹಾಕಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಸುಮ್ನೆ ಬಿಡಬೇಡಿ.

ಡಾಕ್ಟರ ಹತ್ತಿರ "ತುಂಬಾ ನೋವು" ಎನ್ನುವುದಕ್ಕಿಂತ ಏನು ಮಾಡಲಾಗುತ್ತಿಲ್ಲ ಎಂದು ಹೇಳಿ. ಎಷ್ಟು ಹೊತ್ತು ನಿಲ್ಲಬಹುದು, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ತಲೆ ಬಾಚಲು ಕೈ ಮೇಲೆ ಬರುತ್ತದಾ, ಎರಡು ವಾರದ್ದು ಬರೆದಿಟ್ಟುಕೊಂಡು ಹೋಗಿ. "ಈ ಟೆಸ್ಟಿನಲ್ಲಿ ಏನೇನು ಗೊತ್ತಾಗಲ್ಲ?" ಎಂದು ನೇರವಾಗಿ ಕೇಳಿ. ಕ್ಯಾಲಿಪರ್ ಹಾಕುವವರು ಅದನ್ನು ಹಾಕಿಕೊಂಡೇ ಹೋಗಿ, ನಡೆದು ತೋರಿಸಿ. "ಜಾಸ್ತಿ ವ್ಯಾಯಾಮ ಮಾಡಿ" ಎಂದರೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಪೋಲಿಯೋ ಆದ ಸ್ನಾಯುವನ್ನು ಸುಸ್ತಾಗುವವರೆಗೆ ದುಡಿಸಿದರೆ ಇದ್ದ ಬಲವೂ ಇಳಿಯಬಹುದು.