ಕಾಲಲ್ಲಿ ಒತ್ತುವ ಸೆಲ್ಫ್: ಮೊದಲು ಹಲ್ಲು, ಆಮೇಲೆ ಕರೆಂಟು

ಹಳೇ ಷೆವರ್ಲೆ ಲಾರಿಯಲ್ಲಿ ಕೀ ತಿರುಗಿಸಿದರೆ ಇಂಜಿನ್ ತಿರುಗುವುದಿಲ್ಲ. ಕೀ ಇರುವುದು ಇಗ್ನಿಷನ್‌ಗೆ, ಅಂದರೆ ಕಿಡಿ ಹಾರಿಸುವ ಕರೆಂಟಿಗೆ ಮಾತ್ರ. ಸೆಲ್ಫ್ (ಇಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟರ್) ಹೊಡೆಯಬೇಕಾದರೆ ಆಕ್ಸಿಲರೇಟರ್ ಪಕ್ಕದಲ್ಲಿರುವ ಇನ್ನೊಂದು ಚಿಕ್ಕ ಪೆಡಲ್ಲನ್ನು ಬಲಗಾಲಲ್ಲಿ ಒತ್ತಬೇಕು. ನಾನು ಹೇಳುತ್ತಿರುವುದು 1940ರ ದಶಕದ ಕೊನೆ ಮತ್ತು 1950ರ ದಶಕದ ಶುರುವಿನ ಗಾಡಿಗಳ ಬಗ್ಗೆ. 216 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು ಮೂರೂವರೆ ಲೀಟರಿನ ಆರು ಸಿಲಿಂಡರ್ ಇಂಜಿನ್, 6 ವೋಲ್ಟ್ ಬ್ಯಾಟರಿ. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬೈನ ಶಿವಡಿಯಲ್ಲಿ ಗಾಡಿ ಜೋಡಿಸುತ್ತಿದ್ದ ಕಾರಣ ಷೆವರ್ಲೆ ಲಾರಿ ನಮ್ಮ ಕಡೆಗೂ ಹೊಸದೇನಲ್ಲ. ಈಗ ಉಳಿದಿರುವುದು ಹವ್ಯಾಸಿಗಳ ಶೆಡ್ಡಿನಲ್ಲಿ.

ಇಂಥ ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಮಾಡುವುದು ಒಂದೇ. ಮೊದಲು ಬ್ಯಾಟರಿ ಬದಲಾಯಿಸುತ್ತಾರೆ. ಆಮೇಲೆ ಸೆಲ್ಫ್ ಮೋಟರ್ ಬಿಚ್ಚಿ ವೈಂಡಿಂಗ್ ಅಂಗಡಿಗೆ ಕೊಡುತ್ತಾರೆ. ಅಲ್ಲಿ ಟೇಬಲ್ ಮೇಲೆ ಅದು ಗಿರ್ರನೆ ತಿರುಗುತ್ತದೆ. ವಾಪಸ್ ಕೂರಿಸಿದರೆ ಮತ್ತೆ ಅದೇ ಕತೆ.

ಯಾಕೆಂದರೆ ಈ ಪೆಡಲ್ ಬರೀ ಸ್ವಿಚ್ ಅಲ್ಲ. ಅದು ಎರಡು ಕೆಲಸ ಮಾಡುತ್ತದೆ, ಒಂದಾದ ಮೇಲೆ ಒಂದು. ಪೆಡಲ್ ಒತ್ತಿದಾಗ ರಾಡ್ ಮೂಲಕ ಸೆಲ್ಫ್ ಮೇಲಿನ ಲಿವರ್ ಎಳೆಯುತ್ತದೆ. ಆ ಲಿವರ್ ಮೊದಲು ಪಿನಿಯನ್ನನ್ನು, ಅಂದರೆ ಸೆಲ್ಫಿನ ತುದಿಯ ಚಿಕ್ಕ ಹಲ್ಲುಚಕ್ರವನ್ನು, ಜಾರಿಸಿ ಫ್ಲೈವೀಲ್ (ಇಂಜಿನ್ ಹಿಂದಿನ ಭಾರದ ಚಕ್ರ) ಸುತ್ತ ಇರುವ ರಿಂಗಿನ ಹಲ್ಲಿಗೆ ಕೂರಿಸುತ್ತದೆ. ಇನ್ನೂ ಒತ್ತಿದರೆ, ಕೊನೆಯ ಸ್ವಲ್ಪ ದೂರದಲ್ಲಿ, ಅದೇ ಲಿವರ್ ಸೆಲ್ಫ್ ಮೇಲೇ ಕೂತಿರುವ ಸ್ವಿಚ್ಚಿನ ಬಟನ್ ತಳ್ಳುತ್ತದೆ. ಆಗ ಕರೆಂಟು ಹರಿಯುತ್ತದೆ. ಹಲ್ಲಿಗೆ ಹಲ್ಲು ಎದುರಾಗಿ ಪಿನಿಯನ್ ಒಳಗೆ ಹೋಗದಿದ್ದರೂ ಚಿಂತೆಯಿಲ್ಲ. ಹಿಂದಿರುವ ಸ್ಪ್ರಿಂಗ್ ಅದುಮಿಕೊಂಡು ಕಾಯುತ್ತದೆ. ಮೋಟರ್ ಒಂಚೂರು ತಿರುಗಿದ ಕೂಡಲೇ ಪಿನಿಯನ್ ಟಕ್ ಎಂದು ಒಳಗೆ ಬೀಳುತ್ತದೆ.

ಮೊದಲು ಹಲ್ಲು, ಆಮೇಲೆ ಕರೆಂಟು ಎಂಬ ಈ ವರಸೆ ತಪ್ಪಿದಾಗ ಒಳ್ಳೆಯ ಬ್ಯಾಟರಿ, ಒಳ್ಳೆಯ ಮೋಟರ್ ಇದ್ದರೂ ಗಾಡಿ ಏಳುವುದಿಲ್ಲ. ಹಾಗಾಗಿ ನಾನು ಸ್ಪಾನರ್ ಹಿಡಿಯುವ ಮುಂಚೆ ಹೆಡ್‌ಲೈಟ್ ಹಾಕುತ್ತೇನೆ. ಲೈಟ್ ನೋಡುತ್ತಾ ಪೆಡಲ್ ಒತ್ತಬೇಕು. ಲೈಟ್ ಒಂಚೂರೂ ಮಂಕಾಗದೆ ಹಾಗೇ ಇದ್ದು, ಮೋಟರ್ ಕೂಡ ಸುಮ್ಮನಿದ್ದರೆ ಕರೆಂಟು ಮೋಟರಿಗೆ ಹೋಗುತ್ತಲೇ ಇಲ್ಲ. ಲೈಟ್ ಪೂರ್ತಿ ಸತ್ತರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ, ಇಲ್ಲವೇ ಮೋಟರ್ ಜಾಮ್. ಲೈಟ್ ಅರ್ಧ ಇಳಿದು ಇಂಜಿನ್ ನಿಧಾನಕ್ಕೆ ಉರುಳಿದರೆ ಕೇಬಲ್ ಮತ್ತು ಅರ್ತ್ (ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಜೋಡಣೆ) ಕಡೆ ನೋಡಬೇಕು.

ಮೊದಲನೆಯದನ್ನು ತಗೊಳ್ಳಿ. ಕರೆಂಟು ಹೋಗುತ್ತಿಲ್ಲ ಅಂದರೆ ಸ್ವಿಚ್ ಕೆಟ್ಟಿದೆ ಅಂತ ಅಲ್ಲ. ಎಷ್ಟೋ ಸಲ ಲಿವರ್ ಸ್ವಿಚ್ಚಿನ ತನಕ ತಲುಪಿರುವುದೇ ಇಲ್ಲ. ಪೆಡಲ್ ಇರುವುದು ಕ್ಯಾಬಿನ್ ನೆಲದಲ್ಲಿ, ಲಿವರ್ ಇರುವುದು ಇಂಜಿನ್ ಮೇಲೆ. ಎಪ್ಪತ್ತು ವರ್ಷದಲ್ಲಿ ಕ್ಯಾಬಿನ್ನಿನ ರಬ್ಬರ್ ಕುಸಿದಿರುತ್ತದೆ, ಇಂಜಿನ್ ಮೌಂಟಿಂಗ್ ಕೂತಿರುತ್ತದೆ, ಪಿನ್ನು ಕೂರುವ ತೂತುಗಳು ಮೊಟ್ಟೆಯಾಕಾರ ಆಗಿರುತ್ತವೆ. ಎಲ್ಲ ಕಡೆ ಒಂದೊಂದು ಚೂರು ಸವೆತ ಸೇರಿ, ಲಿವರ್ ಪೂರ್ತಿ ಹೋಗುವ ಮುಂಚೆಯೇ ಪೆಡಲ್ ನೆಲಕ್ಕೆ ತಾಗಿ ನಿಲ್ಲುತ್ತದೆ. ಮೇಲೆ ದಪ್ಪ ಮ್ಯಾಟ್ ಹಾಸಿದ್ದರಂತೂ ಮುಗಿದೇ ಹೋಯಿತು.

ಪರೀಕ್ಷೆ ಸುಲಭ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಸೆಲ್ಫ್ ಮೇಲಿನ ಲಿವರನ್ನೇ ಒಂದು ಉದ್ದ ರಾಡಿನಿಂದ ಕೊನೆಯವರೆಗೆ ತಳ್ಳಿ. ಇಂಜಿನ್ ಚೆನ್ನಾಗಿ ತಿರುಗಿದರೆ ದೋಷ ಲಿಂಕ್ ರಾಡ್ ಕಡೆ. ಹೊಸ ಪಿನ್, ತೂತಿಗೆ ಬುಷ್, ಅಷ್ಟೇ. ಒಂದು ಮಾತು ನೆನಪಿರಲಿ. ಕೀ ಇಲ್ಲದಿದ್ದರೂ ಈ ಸೆಲ್ಫ್ ತಿರುಗುತ್ತದೆ. ಗೇರಿನಲ್ಲಿದ್ದರೆ ಲಾರಿ ನಿಮ್ಮ ಮೇಲೇ ಹಾರುತ್ತದೆ. ಮಕ್ಕಳು ಕ್ಯಾಬಿನ್ನಿಗೆ ಹತ್ತಿ ಆಡುವ ಮನೆಯಲ್ಲಿ ಬ್ಯಾಟರಿಗೆ ಕಟ್‌ಆಫ್ ಸ್ವಿಚ್ ಹಾಕಿಸಿ ಎಂದು ನಾನು ಹಟ ಹಿಡಿಯುತ್ತೇನೆ.

ಲಿವರ್ ಪೂರ್ತಿ ತಳ್ಳಿದರೂ ಸದ್ದಿಲ್ಲವೇ? ಆಗ ಸ್ವಿಚ್ ಬಿಚ್ಚಿ. ಅದಕ್ಕೂ ಮುಂಚೆ ಬ್ಯಾಟರಿಯ ಅರ್ತ್ ತೆಗೆಯಿರಿ. ಒಳಗಿನ ತಾಮ್ರದ ಕಾಂಟ್ಯಾಕ್ಟ್‌ಗಳು ಸುಟ್ಟು ಕಪ್ಪಾಗಿ, ಗುಳಿ ಬಿದ್ದಿರುತ್ತವೆ. ಸಣ್ಣ ಅರದಿಂದ ಮಟ್ಟ ಮಾಡಬಹುದು. ತಾಮ್ರದ ಬಿಲ್ಲೆಯ ಒಂದು ಮುಖ ಪೂರ್ತಿ ಹಾಳಾಗಿದ್ದರೆ ತಿರುಗಿಸಿ ಹಾಕಿ ನೋಡಿ, ಇನ್ನೊಂದು ಮುಖ ಸಾಮಾನ್ಯವಾಗಿ ಹೊಸದರಂತೆ ಇರುತ್ತದೆ.

ಇನ್ನು ನಿಧಾನಕ್ಕೆ ತಿರುಗುವ ಸೆಲ್ಫ್. ಇಲ್ಲಿ 6 ವೋಲ್ಟಿನ ಲೆಕ್ಕ ಗೊತ್ತಿಲ್ಲದೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಅದೇ ಶಕ್ತಿಗೆ 12 ವೋಲ್ಟಿಗಿಂತ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟು ಬೇಕು. ಕರೆಂಟು ಎರಡು ಪಟ್ಟಾದರೆ ಕೇಬಲ್ಲಿನಲ್ಲಿ ಕಳೆದುಹೋಗುವ ವೋಲ್ಟೂ ಎರಡು ಪಟ್ಟು. ಅದೂ ಕಳೆಯುವುದು ಅರ್ಧ ಬಂಡವಾಳದಿಂದ. ಒಟ್ಟಿನಲ್ಲಿ ನಷ್ಟದ ಪಾಲು ನಾಲ್ಕು ಪಟ್ಟು. ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬ್ಯಾಟರಿ ಕೇಬಲ್ 12 ವೋಲ್ಟಿನದು. ನೋಡಲು ದಪ್ಪ ಕಾಣುತ್ತದೆ, ಆದರೆ ಬರೀ ಪ್ಲಾಸ್ಟಿಕ್ ದಪ್ಪ. ನಾನು 70 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ ತಂದು, ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಬಳೆ) ಅದುಮಿಸಿ ಹಾಕುತ್ತೇನೆ. 50ಕ್ಕಿಂತ ಕಮ್ಮಿ ಬೇಡ.

ನಂಬಿಕೆ ಬರದಿದ್ದರೆ ಮೀಟರ್ ಹಿಡಿಯಿರಿ. ಒಂದು ತುದಿ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಕ್ಲ್ಯಾಂಪಿನ ಮೇಲಲ್ಲ. ಇನ್ನೊಂದು ಸೆಲ್ಫಿನಲ್ಲಿ ಕೇಬಲ್ ಕೂರುವ ಬೋಲ್ಟ್ ಮೇಲೆ. ಕೀ ಆಫ್ ಇಟ್ಟು ಪೆಡಲ್ ಒತ್ತಿಸಿ. ಕಾಲು ವೋಲ್ಟಿನೊಳಗೆ ಇದ್ದರೆ ಸರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಂಬದಿಂದ ಸೆಲ್ಫಿನ ಮೈಗೆ ಅದೇ ಪರೀಕ್ಷೆ. ಕಳ್ಳ ಸಿಗುವುದು ಜಾಸ್ತಿ ಇಲ್ಲೇ. ಬ್ಯಾಟರಿ ಕೂರುವುದು ಕ್ಯಾಬಿನ್ ನೆಲದ ಕೆಳಗೆ, ಅರ್ತ್ ಹೋಗುವುದು ಚಾಸಿಗೆ. ಆದರೆ ಇಂಜಿನ್ ಕೂತಿರುವುದು ರಬ್ಬರ್ ಮೇಲೆ, ಅಲ್ವಾ? ಇಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಇರಬೇಕು. ಬಣ್ಣ ಹೊಡೆಸಿ ಹೊಸದರಂತೆ ಮಾಡಿದ ಗಾಡಿಗಳಲ್ಲಿ ಒಂದೋ ಆ ಪಟ್ಟಿ ಇರುವುದಿಲ್ಲ, ಇಲ್ಲವೇ ಅದು ಬಣ್ಣದ ಮೇಲೇ ಕೂತಿರುತ್ತದೆ. ಕಬ್ಬಿಣ ಹೊಳೆಯುವ ತನಕ ಕೆರೆದು ಬಿಗಿ ಮಾಡಿ.

ಕೇಬಲ್ ಸರಿಯಿದ್ದೂ ನಿಧಾನವಾದರೆ ಆಗ ಮಾತ್ರ ಮೋಟರ್ ಇಳಿಸಿ. ಬುಷ್ ಸವೆದರೆ ಆರ್ಮೇಚರ್ (ಮೋಟರ್ ಒಳಗೆ ತಿರುಗುವ ಭಾಗ) ಬದಿಗೆ ಉಜ್ಜುತ್ತದೆ, ಉಜ್ಜಿದ ಗುರುತು ಕಣ್ಣಿಗೇ ಕಾಣುತ್ತದೆ. ಕಾರ್ಬನ್ ಬ್ರಷ್ ಸವೆದಿದೆಯೇ ನೋಡಿ. ಕಮ್ಯುಟೇಟರ್ (ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉರುಳೆ) ಉಜ್ಜಲು ನುಣುಪು ಸ್ಯಾಂಡ್ ಪೇಪರ್ ಸಾಕು. ಎಮರಿ ಪೇಪರ್ ಬೇಡ, ಅದರ ಪುಡಿ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತದೆ.

ಮೋಟರ್ ಜೋರಾಗಿ ತಿರುಗಿದರೂ ಇಂಜಿನ್ ಅಲ್ಲಾಡದಿದ್ದರೆ ಅದು ಪಿನಿಯನ್ ಹಿಂದಿನ ಒನ್‌ವೇ ಕ್ಲಚ್ (ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್) ಜಾರುವುದು. ಅದನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯಬಾರದು. ಒಳಗಿನ ಗ್ರೀಸ್ ಕರಗಿ ಇನ್ನಷ್ಟು ಬೇಗ ಹಾಳಾಗುತ್ತದೆ. ಕರಕರ ಎಂದು ಹಲ್ಲು ಉಜ್ಜಿದ ಸದ್ದು ಬಂದರೆ ವರಸೆ ತಪ್ಪಿದೆ, ಹಲ್ಲು ಕೂರುವ ಮುಂಚೆಯೇ ಸ್ವಿಚ್ ಕೂಡುತ್ತಿದೆ. ಲಿವರ್ ಸ್ವಿಚ್ಚಿಗೆ ತಾಗುವ ಜಾಗವನ್ನು ಸರಿಹೊಂದಿಸಬೇಕು. ಕೆಲವೊಮ್ಮೆ ಮಾತ್ರ ಕರಕರ ಬಂದರೆ ರಿಂಗ್ ನೋಡಿ. ಆರು ಸಿಲಿಂಡರ್ ಇಂಜಿನ್ ನಿಲ್ಲುವುದು ಹೆಚ್ಚಾಗಿ ಮೂರೇ ಜಾಗದಲ್ಲಿ, ಹಾಗಾಗಿ ರಿಂಗಿನ ಹಲ್ಲು ಸವೆಯುವುದೂ ಮೂರು ಕಡೆ. ಗೇರ್‌ಬಾಕ್ಸ್ ಇಳಿಸುವ ಸಂದರ್ಭ ಬಂದರೆ ರಿಂಗ್ ಕಾಯಿಸಿ ತೆಗೆದು, 60 ಡಿಗ್ರಿ ತಿರುಗಿಸಿ ಮತ್ತೆ ಕೂರಿಸಿ. ಹೊಸ ರಿಂಗಿನ ಖರ್ಚು ಉಳಿಯುತ್ತದೆ.

12 ವೋಲ್ಟಿಗೆ ಬದಲಾಯಿಸಬಹುದಾ ಎಂದು ಕೇಳುವವರು ಬಹಳ. 6 ವೋಲ್ಟಿನ ಸೆಲ್ಫ್ 12ರಲ್ಲೂ ತಿರುಗುತ್ತದೆ, ಜೋರಾಗಿಯೇ ತಿರುಗುತ್ತದೆ. ಹಲ್ಲು ಮೊದಲೇ ಕೂತಿರುವುದರಿಂದ ಈ ಲಾರಿಯಲ್ಲಿ ಪೆಟ್ಟು ಕಮ್ಮಿ. ಆದರೆ ವರಸೆ ತಪ್ಪಿದ ಗಾಡಿಗೆ 12 ವೋಲ್ಟ್ ಕೊಟ್ಟರೆ ರಿಂಗ್ ಬೇಗ ಹೋಗುತ್ತದೆ. ಸರಿಯಾದ ಕೇಬಲ್ ಹಾಕಿದ ಮೇಲೆ 6 ವೋಲ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ.

ತೋಟಗಳಲ್ಲಿರುವ ಹಳೇ ವಿಲ್ಲೀಸ್ ಜೀಪಿಗೂ ಕಾಲಿನ ಸ್ವಿಚ್ ಇದೆ. ಆದರೆ ಅದರಲ್ಲಿ ವರಸೆ ಉಲ್ಟಾ. ಕಾಲು ಬರೀ ಕರೆಂಟು ಕೊಡುತ್ತದೆ. ಮೋಟರ್ ತಿರುಗಿದ ರಭಸಕ್ಕೆ, ಬೆಂಡಿಕ್ಸ್ ಎಂಬ ಈ ಜೋಡಣೆಯಲ್ಲಿ, ಪಿನಿಯನ್ ತಾನೇ ತಿರುಪಿನ ಮೇಲೆ ಓಡಿ ಹಲ್ಲು ಹಿಡಿಯುತ್ತದೆ. ಮೋಟರ್ ತಿರುಗಿ ಇಂಜಿನ್ ತಿರುಗದಿದ್ದರೆ ಆ ತಿರುಪಿನಲ್ಲಿ ಕೊಳೆ ತುಂಬಿದೆ, ಇಲ್ಲವೇ ಬೆಂಡಿಕ್ಸ್ ಸ್ಪ್ರಿಂಗ್ ಮುರಿದಿದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಗ್ರೀಸ್ ಹಚ್ಚಬೇಡಿ, ಕ್ಲಚ್ಚಿನ ಧೂಳು ಅಂಟಿ ಮತ್ತೆ ಅಲ್ಲೇ ನಿಲ್ಲುತ್ತದೆ. ಸ್ವಿಚ್ ನೆಲದಲ್ಲಿರುವುದರಿಂದ ಮಳೆಗಾಲದಲ್ಲಿ ಬೂಟಿನ ನೀರು, ಕೆಸರು ಎಲ್ಲ ಅದಕ್ಕೇ. ಪ್ರತಿ ವರ್ಷ ಮಳೆಗೆ ಮುಂಚೆ ಅದರ ಎರಡು ನಟ್ಟು ಬಿಚ್ಚಿ, ಟರ್ಮಿನಲ್ ಕೆರೆದು ಬಿಗಿ ಮಾಡಿಸಿ.