ಸದು ಕೊಳ್ಳುವ ಮುನ್ನ ತಿರುಗಿಸಿ ನೋಡಿ

2022ರ ಫುಟ್‌ಬಾಲ್ ವಿಶ್ವಕಪ್‌ನ ಮೊದಲ ಪಂದ್ಯ ನಡೆದ ಕತಾರಿನ ಅಲ್ ಬೈತ್ ಕ್ರೀಡಾಂಗಣ ನೆನಪಿದೆಯಾ? ದೊಡ್ಡ ಡೇರೆ ಥರ ಇತ್ತಲ್ಲ, ಅದೇ. ಮರುಭೂಮಿಯ ಅಲೆಮಾರಿ ಬೆದೂಯಿನ್ ಜನರ ಡೇರೆಯನ್ನು ನೋಡಿಯೇ ಅದನ್ನು ಕಟ್ಟಿದ್ದು. ನಿಜವಾದ ಡೇರೆಯ ಬಟ್ಟೆ, ಒಳಗಿನ ಪರದೆ, ಒಂಟೆಯ ಅಲಂಕಾರ ಎಲ್ಲವನ್ನೂ ನೇಯುತ್ತಿದ್ದವರು ಹೆಂಗಸರು. ಆ ನೇಯ್ಗೆಯೇ ಸದು.

ನಾನು ಕೈಮಗ್ಗ ಕಲಿಸುವವಳು. ಗಲ್ಫ್‌ನಿಂದ ಬಂದವರು ಕೆಂಪು-ಕಪ್ಪು ಪಟ್ಟೆಯ ದಿಂಬಿನ ಕವರ್ ತಂದು 'ಇದು ಅಸಲಿನಾ?' ಅಂತ ಕೇಳುತ್ತಾರೆ. ನಾನು ಮೊದಲು ಹಿಂಬದಿ ನೋಡುತ್ತೇನೆ. ಅಲ್ಲಿ ಬಣ್ಣ ಬಿಳಿಚಿಕೊಂಡಿದ್ದರೆ ಅದು ಪ್ರಿಂಟು.

ಸದು ಮಗ್ಗ ಅಂದರೆ ನೆಲಕ್ಕೆ ಹೊಡೆದ ಗೂಟ, ಎರಡು ತುದಿಗೆ ಎರಡು ಕೋಲು, ನಡುವೆ ಬಿಗಿದ ಹಾಸು (ಉದ್ದದ ಎಳೆಗಳು), ಹೆಚ್ಚುಕಮ್ಮಿ ಅಷ್ಟೇ. ಊರು ಬಿಡುವಾಗ ಗೂಟ ಕಿತ್ತು, ಅರ್ಧ ನೇಯ್ದದ್ದನ್ನು ಹಾಗೇ ಸುತ್ತಿ ಒಂಟೆ ಮೇಲೆ ಹೇರಬಹುದು. ಹಾಸಿನ ಎಳೆಗಳು ಎಷ್ಟು ಒತ್ತಾಗಿರುತ್ತವೆ ಅಂದರೆ ಹೊಕ್ಕು, ಅಂದರೆ ಅಡ್ಡ ಎಳೆ, ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಬಣ್ಣದ ಆಟವೆಲ್ಲ ಹಾಸಿನದೇ, ಪಟ್ಟೆಗಳು ಉದ್ದಕ್ಕೇ ಓಡುತ್ತವೆ. ಚಿತ್ರ ಬರುವ ಪಟ್ಟೆಗೆ ಶಜರ ಅಂತಾರೆ. ಅಲ್ಲಿ ಕಪ್ಪು, ಬಿಳಿ ಎಳೆ ಜೋಡಿಯಾಗಿರುತ್ತವೆ. ಪ್ರತಿ ಸಾಲಿಗೂ ಯಾವುದು ಮೇಲೆ ಬರಬೇಕು ಅಂತ ಬೆರಳಲ್ಲೇ ಆರಿಸಬೇಕು, ಲೆಕ್ಕವೆಲ್ಲ ತಲೆಯಲ್ಲೇ. ಬೇಡದ ಎಳೆ ಹಿಂದೆ ಸಡಿಲವಾಗಿ ತೇಲುತ್ತದೆ. ನಾನು ಹುಡುಕುವುದು ಆ ಎಳೆಗಳನ್ನೇ. ಹೊಕ್ಕನ್ನು ಬಿಗಿಯಾಗಿ ಕೂರಿಸಲು ಜಿಂಕೆ ಕೊಂಬು ಬಳಸುತ್ತಿದ್ದರು.

ಡೇರೆಗೆ ಆಡಿನ ಕೂದಲೇ ಆಗಬೇಕು. ಬಿಸಿಲಲ್ಲಿ ಸಂದಿಯಿಂದ ಗಾಳಿ ಆಡುತ್ತದೆ, ಮಳೆ ಬಿದ್ದರೆ ಕೂದಲು ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಕುರಿ ಉಣ್ಣೆಯ ಕರಿ ಕಂಬಳಿ ಹೊದ್ದು ಮಳೆಯಲ್ಲಿ ನಡೆದವರಿಗೆ ಇದು ಹೊಸದೇನಲ್ಲ.

ತೈಲದ ದುಡ್ಡು ಬಂತು, ಜನ ಮನೆ ಕಟ್ಟಿ ನೆಲೆಯೂರಿದರು, ಡೇರೆ ಹೋಯಿತು. ಯುಎಇಯ ಸದುವನ್ನು ಯುನೆಸ್ಕೊ 2011ರಲ್ಲಿ ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಹಾಕಿತು. ಸೌದಿ, ಕುವೈತ್‌ಗಳ ಸದುವಿಗೆ 2020ರಲ್ಲಿ ಇನ್ನೊಂದು ಪಟ್ಟಿಯಲ್ಲಿ ಜಾಗ ಸಿಕ್ಕಿತು. ಒಳ್ಳೆಯದೇ. ಆದರೆ ಉದ್ದನೆಯ ಪರದೆ ಈಗ ಯಾರಿಗೆ ಬೇಕು ಹೇಳಿ? ಪರ್ಸು, ಬೆಲ್ಟು ಆದರೂ ಪರವಾಗಿಲ್ಲ, ಕೈಯಲ್ಲಿ ನೇಯ್ದಿರಲಿ ಅನ್ನುವವಳು ನಾನು. ಪಾಲಿಯೆಸ್ಟರ್ ಮೇಲೆ ಶಜರ ಅಚ್ಚೊತ್ತಿ 'ಪರಂಪರೆ' ಅಂತ ಮಾರುವುದು ಮಾತ್ರ ಮೈ ಉರಿಸುತ್ತದೆ. ಕುವೈತ್‌ನಲ್ಲಿ ಇರುವವರು ಸದು ಹೌಸ್‌ಗೆ ಒಮ್ಮೆ ಹೋಗಿ, ಅಲ್ಲಿ ನೇಯ್ಗೆ ಕಲಿಸುತ್ತಾರೆ ಕೂಡ. ಒಂದು ಸಾಲಿನ ಎಳೆ ಆರಿಸಿ ನೋಡಿದ ಮೇಲೆ ಬೆಲೆ ಚೌಕಾಸಿ ಮಾಡಲು ಬಾಯಿ ಬರುವುದು ಕಷ್ಟ.