ಮಾರ್ಫಿನ್ ಹೆಚ್ಚಿಸಿದರೂ ಇಳಿಯದ ನೋವು

ಕ್ಯಾನ್ಸರ್ ಉಲ್ಬಣಿಸಿದವರಿಗೆ ತೀವ್ರ ನೋವು ತಗ್ಗಿಸುವ ಮಾರ್ಫಿನ್ ಶುರುವಾಗಿರುತ್ತದೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿಯಾದರೆ ನರಳಾಟ. ಎಲ್ಲಿ ನೋವು ಎಂದು ಕೇಳಿದರೆ "ಮೈಯೆಲ್ಲಾ" ಎನ್ನುತ್ತಾರೆ. ಡೋಸ್ ಏರಿಸಿದರೆ ಮಂಪರು ಹೆಚ್ಚುತ್ತದೆ, ನೋವು ಇದ್ದಲ್ಲೇ ಇರುತ್ತದೆ. ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್‌ನಲ್ಲಿ ಇದನ್ನು 'ಟೋಟಲ್ ಪೇನ್' ಎನ್ನುತ್ತೇವೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ) ಆರಂಭಿಸಿದ ವೈದ್ಯೆ ಸಿಸಿಲಿ ಸಾಂಡರ್ಸ್ ಕೊಟ್ಟ ಹೆಸರದು. ದೇಹ, ಮನಸ್ಸು, ಮನೆ-ಸಂಸಾರ, ನಂಬಿಕೆ ಈ ನಾಲ್ಕರ ಸಂಕಟವೂ ಒಂದೇ ನೋವಾಗಿ ಹೊರಬರುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ.

ಹಾಗೆಂದು ಮೊದಲೇ ಮನಸ್ಸಿನ ಮಾತಿಗೆ ಹೋಗಬಾರದು. ನೋವಿನಲ್ಲಿ ಒದ್ದಾಡುವವರಿಗೆ ಧ್ಯಾನ ಮಾಡಿ ಎನ್ನುವುದು ಕ್ರೌರ್ಯ. ಮೊದಲು ಮಾತ್ರೆಯ ವೇಳೆ ನೋಡಿ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. "ತಡೆಯಲಾಗದಿದ್ದಾಗ ಮಾತ್ರ ಕೊಡೋಣ" ಎಂದು ಕಾಯುವುದೇ ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಹೀಗೆ ಗಡಿಯಾರ ನೋಡಿ ಕೊಡಬೇಕು. ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ವೈದ್ಯರು ಹಲವರಿಗೆ ರಾತ್ರಿ 10ರ ಡೋಸನ್ನು ಇಮ್ಮಡಿ ಬರೆಯುತ್ತಾರೆ. ಆ ಡೋಸ್ ತಪ್ಪಿಹೋಗಿದ್ದರೆ ರಾತ್ರಿಯ ನರಳಾಟಕ್ಕೆ ಕಾರಣ ಅಲ್ಲೇ ಸಿಕ್ಕಿತು. ನಡುವೆ ನೋವು ನುಗ್ಗಿದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಪಾಲು ಹೆಚ್ಚುವರಿ: ದಿನಕ್ಕೆ 30 ಮಿಲಿಗ್ರಾಂ ಇದ್ದರೆ 5 ಮಿಲಿಗ್ರಾಂ. ಕಿಡ್ನಿ ದುರ್ಬಲವಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ, ವೈದ್ಯರನ್ನು ಕೇಳದೆ ಕೊಡಬೇಡಿ. ವಾಕರಿಕೆ, ಮಂಪರು ಕೆಲವೇ ದಿನಗಳಲ್ಲಿ ಇಳಿಯುತ್ತವೆ, ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆ ಜೊತೆಗಿರಬೇಕು. ಮಲ ಕಟ್ಟಿ ಹೊಟ್ಟೆ ಉಬ್ಬಿದ ನೋವನ್ನು ಕ್ಯಾನ್ಸರ್ ನೋವೆಂದುಕೊಂಡು ಮಾರ್ಫಿನ್ ಏರಿಸಿದರೆ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ. ಉರಿ, ಶಾಕ್ ಹೊಡೆದಂತೆ ಚಳುಕು ಇದ್ದರೆ ಅದು ನರದ ನೋವು. ಅದಕ್ಕೆ ಬೇರೆ ಔಷಧ ಸೇರಿಸಬೇಕು. ಬೆನ್ನುನೋವಿನ ಜೊತೆ ಕಾಲಿನ ಬಲ ಕುಗ್ಗಿದರೆ ಬೆನ್ನುಹುರಿ ಒತ್ತಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಸರಿಯಿದ್ದೂ ನೋವು ಇಳಿಯದಿದ್ದರೆ ಆಗ ಮನಸ್ಸಿನ ಸರದಿ. ಇದು "ಎಲ್ಲಾ ನಿಮ್ಮ ಭ್ರಮೆ" ಎನ್ನುವ ಮಾತಲ್ಲ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಮಾರ್ಗಗಳು ನೋವಿನ ಸಂಕೇತವನ್ನು ತಗ್ಗಿಸಲೂಬಲ್ಲವು, ಹಿಗ್ಗಿಸಲೂಬಲ್ಲವು. ಭಯ, ನಿದ್ದೆಗೇಡು, ಒಂಟಿತನ ಹಿಗ್ಗಿಸುತ್ತವೆ. ನಮ್ಮ ಮನೆಗಳಲ್ಲಿ ಈ ಒಂಟಿತನಕ್ಕೆ ಬಹಳ ಸಲ ನಾವೇ ಕಾರಣ. "ಅವರಿಗೆ ಕಾಯಿಲೆ ಏನೂಂತ ಹೇಳ್ಬೇಡಿ ಡಾಕ್ಟ್ರೇ" ಎನ್ನುತ್ತಾರೆ ಮಕ್ಕಳು. "ಮಕ್ಕಳಿಗೆ ಗೊತ್ತಾಗೋದು ಬೇಡ" ಎನ್ನುತ್ತಾರೆ ತಂದೆ. ಇಬ್ಬರಿಗೂ ಗೊತ್ತಿರುತ್ತದೆ, ಇಬ್ಬರೂ ಮಾತಾಡುವುದಿಲ್ಲ. "ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಅನ್ನಿಸುತ್ತೆ?" ಎಂದು ಕೇಳಿ, ಸುಮ್ಮನೆ ಕೂತಿರಿ. ಅವರು ಎಷ್ಟು ತಿಳಿಯಬಯಸುತ್ತಾರೋ ಅಷ್ಟೇ ಹೇಳಿ. ಮಗಳ ಮದುವೆ, ಸೊಸೈಟಿ ಸಾಲ, ಭಾಗವಾಗದ ಜಮೀನು ಹೊರಬರಬಹುದು. ಜಮೀನಿನ ಪತ್ರಕ್ಕೆ ಸಹಿ ಬಿದ್ದ ರಾತ್ರಿ ಅದೇ ಡೋಸ್‌ನಲ್ಲಿ ನಿದ್ದೆ ಬರುವುದುಂಟು.

"ನಾನ್ಯಾವ ಪಾಪ ಮಾಡಿದ್ದೆ?" ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೋಗಬೇಡಿ. ಕರ್ಮದ ವ್ಯಾಖ್ಯಾನವೂ ಬೇಡ, "ಹಾಗೆಲ್ಲಾ ಮಾತಾಡಬೇಡಿ" ಎಂದು ಬಾಯಿ ಮುಚ್ಚಿಸುವುದೂ ಬೇಡ. ಯಾರ ಮೇಲೆ ಬೇಸರವಿದೆ, ಯಾರನ್ನು ನೋಡಬೇಕು, ಯಾವ ಹರಕೆ ಬಾಕಿಯಿದೆ ಎಂದು ಕೇಳಿ. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪಿಸ್‌ಗಳಲ್ಲಿ ವೈದ್ಯರ ಜೊತೆ ಕೌನ್ಸೆಲರ್‌ಗಳೂ ಇರುವುದು ಇಂಥ ಮಾತಿಗಾಗಿಯೇ. ನಂಬಿಕೆಯನ್ನು ಔಷಧಕ್ಕೆ ಎದುರಾಳಿಯಾಗಿ ನಿಲ್ಲಿಸಬೇಕಿಲ್ಲ. ಏಕಾದಶಿಯೆಂದು ಮಾತ್ರೆ ಬಿಟ್ಟು ಮರುದಿನ ನರಳುವವರಿದ್ದಾರೆ. ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಬಹುದೇ ಎಂದು ಅವರು ನಂಬುವ ಹಿರಿಯರಿಂದಲೇ ಹೇಳಿಸಿ. ರಂಜಾನ್ ಉಪವಾಸ ಬಿಡಲೊಪ್ಪದವರಿಗೆ 12 ಗಂಟೆ ಕೆಲಸ ಮಾಡುವ ಮಾರ್ಫಿನ್ ಮಾತ್ರೆಗಳಿವೆ. ಅವನ್ನು ಸಹರಿ, ಇಫ್ತಾರ್ ಹೊತ್ತಿಗೆ ಹೊಂದಿಸಬಹುದೇ ಎಂದು ಉಪವಾಸಕ್ಕೆ ಒಂದು ವಾರ ಮೊದಲೇ ವೈದ್ಯರನ್ನು ಕೇಳಿ. ಈ ಮಾತ್ರೆಯನ್ನು ಮುರಿದು, ಪುಡಿ ಮಾಡಿ ಕೊಡಬಾರದು. ಹಾಗೆ ಮಾಡಿದರೆ 12 ಗಂಟೆಯ ಔಷಧ ಒಮ್ಮೆಲೇ ರಕ್ತ ಸೇರುತ್ತದೆ.